ಚಪ್ಪಲಿ ನೋಡಿದವರಿಗೂ ಒಂದು ಥ್ಯಾಂಕ್ಸ್

ಅಪ್ಪನಿಗೆ ಮಲ್ಟಿಪಲ್ ಮೈಲೋಮಾ, ಅಂದರೆ ಒಂಥರಾ ರಕ್ತದ ಕ್ಯಾನ್ಸರ್, ಅಂತ ಗೊತ್ತಾಗಿ ಈ ವಾರಕ್ಕೆ ಒಂದು ವರ್ಷ. ಹೋದ ಸಲದ ರಿಪೋರ್ಟಿನಲ್ಲಿ ಈ ಕಾಯಿಲೆಯ ಗುರುತಾದ ಎಂ ಪ್ರೋಟೀನ್ ಕಾಣಿಸಲಿಲ್ಲ, ಕಿಡ್ನಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ಕ್ರಿಯಾಟಿನಿನ್ 4.1ರಿಂದ 1.5ಕ್ಕೆ ಇಳಿದಿದೆ, ನಿನ್ನೆ ತಾವೇ ನಡೆದು ಹೋಗಿ ಗಂಗಾವತಿ ಮಾರ್ಕೆಟ್ಟಿನಿಂದ ಪುಂಡಿಪಲ್ಯ ತಂದರು. ಎಲ್ಲರಿಗೂ ಫೋನ್ ಮಾಡೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪು. ರೈಸ್ ಮಿಲ್ಲಿನಲ್ಲಿ 30 ವರ್ಷ ಚೀಲ ಹೊತ್ತ ಬೆನ್ನು, ನೋಯದೆ ಇರುತ್ತಾ ಅಂದುಕೊಂಡು ನಾಲ್ಕು ತಿಂಗಳು ನೋವಿನ ಗುಳಿಗೆ ನುಂಗಿಸಿದೆವು. ಒಳಗೆ ಮೂಳೆಮಜ್ಜೆಯ ಪ್ಲಾಸ್ಮಾ ಕಣಗಳು ಕೆಟ್ಟು, ಅವು ಸುರಿಸುವ ಪ್ರೋಟೀನು ಕಿಡ್ನಿ ಹಾಳು ಮಾಡುತ್ತಿತ್ತು. ಅದರ ಮೇಲೆ ಈ ಗುಳಿಗೆ ಬೇರೆ. ಕೊಪ್ಪಳದ ಒಬ್ಬ ಡಾಕ್ಟರು ರಕ್ತ ಕಮ್ಮಿ, ಬೆನ್ನು ನೋವು, ಕಿಡ್ನಿ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ, ಆ ಪ್ರೋಟೀನು ಹಿಡಿಯುವ ಪರೀಕ್ಷೆ, ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್, ಮಾಡಿಸಿ ಅಂತ ಚೀಟಿ ಬರೆದರು. ಸರ್, ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.

ಆಮೇಲೆ ಹೊಸಪೇಟೆಗೆ ಹೋಗಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು. ಅಲ್ಲಿನ ಡಾಕ್ಟರ್ ಮೇಡಂಗೆ ನಾನು ಜಾಸ್ತಿ ಋಣಿ, ಯಾಕಂದರೆ ನನ್ನ ತಲೆ ಕೆಟ್ಟಿತ್ತು. ನಮ್ಮ ಕಾಕಾನ ಮಗ ಫಾರಿನ್‌ನಲ್ಲಿ ನಾಲ್ಕು ಔಷಧ ಒಟ್ಟಿಗೆ ಕೊಡುತ್ತಾರೆ, ನಿಮಗೆ ಮೂರೇ ಯಾಕೆ ಅಂತ ದಿನಾ ಮೆಸೇಜ್ ಹಾಕುತ್ತಿದ್ದ. ಅವನದೂ ಸುಳ್ಳಲ್ಲ. ಬೋರ್ಟೆಜೋಮಿಬ್, ಲೆನಾಲಿಡೊಮೈಡ್, ಡೆಕ್ಸಾಮೆಥಾಸೋನ್ ಜೊತೆ ಡಾರಾಟುಮುಮಾಬ್ ಸೇರಿಸಿದ ಪರೀಕ್ಷೆಯ ಫಲಿತಾಂಶ 2024ರ ಸುಮಾರಿಗೆ ಬಂದಿದೆ, ನಾಲ್ಕು ವರ್ಷವಾದರೂ ಕಾಯಿಲೆ ಮತ್ತೆ ಹೆಚ್ಚಾಗದೆ ಉಳಿದವರು ನಾಲ್ಕು ಔಷಧದಲ್ಲಿ 84 ಶೇಕಡಾ, ಮೂರರಲ್ಲಿ 68 ಶೇಕಡಾ. ಮೇಡಂ ಆ ಲೆಕ್ಕ ಒಪ್ಪಿಕೊಂಡೇ ಹೇಳಿದರು: ಅದು ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲಕಣ) ಕಸಿ ತಡೆದುಕೊಳ್ಳುವ, 70 ವರ್ಷದೊಳಗಿನವರ ಲೆಕ್ಕ, ನಿಮ್ಮ ಅಪ್ಪನಿಗೆ 72. ವಯಸ್ಸಾದವರಿಗೂ ನಾಲ್ಕು ಕೊಟ್ಟು ನೋಡಿದ್ದಾರೆ, ಒಳ್ಳೆಯದೇ ಆಗಿದೆ, ಆದರೆ ಇವತ್ತು ಮೊದಲು ಕಿಡ್ನಿ ಉಳಿಸೋಣ. ಬೋರ್ಟೆಜೋಮಿಬ್‌ಗೆ ಕಿಡ್ನಿ ನೋಡಿ ಡೋಸ್ ಇಳಿಸಬೇಕಿಲ್ಲ, ಲೆನಾಲಿಡೊಮೈಡ್‌ಗೆ ಇಳಿಸಬೇಕು. ಹಾಗಾಗಿ ಮೊದಲು ಬೋರ್ಟೆಜೋಮಿಬ್, ಸೈಕ್ಲೋಫಾಸ್ಫಮೈಡ್, ಡೆಕ್ಸಾ. ಕ್ರಿಯಾಟಿನಿನ್ ಇಳಿದ ಮೇಲೆ ಸೈಕ್ಲೋ ಬಿಟ್ಟು ಲೆನಾಲಿಡೊಮೈಡ್, ಜೊತೆಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಆಸ್ಪಿರಿನ್. ದುಡ್ಡಿನ ಮಾತನ್ನೂ ಮುಚ್ಚಿಡಲಿಲ್ಲ. ಡಾರಾಟುಮುಮಾಬ್ ಬಿಲ್ ನಮ್ಮ ಕೈಗೆ ಎಟುಕುವುದಲ್ಲ ಅಂತ ನಾನೇ ಬಾಯಿಬಿಟ್ಟು ಹೇಳುವ ಮುಜುಗರ ತಪ್ಪಿತು.

ವಾರವಾರದ ಇಂಜೆಕ್ಷನ್ ಚರ್ಮದ ಕೆಳಗೇ ಕೊಡೋದು, ಅದಕ್ಕೆ ಪ್ರತಿ ಸಲ ಬೆಂಗಳೂರು ಬೇಡ ಅಂತ ಇಲ್ಲೇ ವ್ಯವಸ್ಥೆ ಮಾಡಿಕೊಟ್ಟ ನಮ್ಮೂರ ಸಿಸ್ಟರ್‌ಗೆ ಥ್ಯಾಂಕ್ಸ್. ಡೆಕ್ಸಾ ತಗೊಂಡ ರಾತ್ರಿ ಅಪ್ಪನಿಗೆ ನಿದ್ದೆ ಇಲ್ಲ, 2 ಗಂಟೆಗೆ ಎದ್ದು ಭತ್ತದ ಹಳೇ ರೇಟು ಹೇಳುತ್ತಾ ಕೂರುತ್ತಿದ್ದರು, ಆಗ ಜೊತೆಗೆ ಕೂತ ಅವ್ವನಿಗೆ ಏನು ಹೇಳಲಿ. ರಕ್ತ ಕೊಟ್ಟ ಮಿಲ್ಲಿನ ಹುಡುಗರಿಗೂ ಥ್ಯಾಂಕ್ಸ್.

ಇನ್ನು ಓಣಿಯ ಕ್ಷೌರದಂಗಡಿ ಅಣ್ಣ. ಅಪ್ಪನ ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳಿದರೂ ಅವರಿಗೆ ಗೊತ್ತಾಗದೆ ಬರಿಗಾಲಲ್ಲಿ ಹೋಗುತ್ತಿದ್ದುದನ್ನು ನೋಡಿ, ಎರಡನೇ ದಿನಕ್ಕೆ ನನಗೆ ಫೋನ್ ಮಾಡಿದ. ಕೇಳಿದರೆ ಅಪ್ಪ, "ಸುಮ್ನಿರೋ, ವಯಸ್ಸಾತು, ಕಾಲು ಜುಮ್ ಅಂತಾವ" ಅಂದರು. ತಿಂಗಳಿಂದ ಬಚ್ಚಿಟ್ಟಿದ್ದರಂತೆ! ಅದು ಬೋರ್ಟೆಜೋಮಿಬ್‌ನಿಂದ ನರಕ್ಕೆ ಆಗುವ ತೊಂದರೆ, ತಡವಾದರೆ ಹಾಗೇ ಉಳಿದುಬಿಡಬಹುದು ಅಂತ ಮೇಡಂ ಅವತ್ತೇ ಡೋಸ್ ಕಮ್ಮಿ ಮಾಡಿದರು. ಈಗ ಜುಮ್ಮೆನ್ನುವುದು ಬೆರಳ ತುದಿಯಲ್ಲಿ ಮಾತ್ರ.

ಕಾಯಿಲೆ ಪೂರ್ತಿ ಹೋಗಿಲ್ಲ, ಗುಳಿಗೆ ನಡೆಯುತ್ತಿದೆ. ಮುಂದಿನ ಮಂಗಳವಾರ ಮತ್ತೆ ಬೆಂಗಳೂರು. ಮೇಡಂಗೆ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಹೋಗಬೇಕಂತೆ, ಬೆಂಗಳೂರು ಮುಟ್ಟೋ ಹೊತ್ತಿಗೆ ಮೆತ್ತಗಾಗುತ್ತೆ ಅಂದರೂ ಅಪ್ಪ ಕೇಳುತ್ತಿಲ್ಲ.