ಹಕೀಮ, ಕರ್ಣ ಮತ್ತು ಒಂದು ಬೇಡಿಕೆ: ಗೆಳೆಯನಿಗೊಂದು ಪತ್ರ

ತುಮಕೂರು,
ಡಿಸೆಂಬರ್

ಪ್ರಿಯ ಗೆಳೆಯ,

ಈ ವರ್ಷ ಯಾವ ಯಾವ ನಾಟಕದಲ್ಲಿ ಇದ್ದೀಯ ಎಂದು ನೀನು ಕೇಳಿದ್ದಕ್ಕೆ ಫೋನಿನಲ್ಲಿಯೇ ಉತ್ತರ ಹೇಳಬಹುದಿತ್ತು. ಆದರೆ ಈ ಸಲ ಹೇಳಬೇಕಾದದ್ದು ಹೆಚ್ಚಿದೆ, ನಿನ್ನಿಂದ ಆಗಬೇಕಾದ ಕೆಲಸವೂ ಒಂದಿದೆ. ಆದ್ದರಿಂದ ಬಿಡುವು ಮಾಡಿಕೊಂಡು ಬರೆಯುತ್ತಿದ್ದೇನೆ.

ಜನವರಿಯ ಕೊನೆಯ ವಾರದಲ್ಲಿ ಇಲ್ಲಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಲಂಕೇಶರ ‘ಗುಣಮುಖ’ವನ್ನು ಆಡುತ್ತಿದ್ದೇವೆ, ಅದರಲ್ಲಿ ನನ್ನದು ಹಕೀಮ ಅಲಾವಿಖಾನನ ಪಾತ್ರ. ಯುಗಾದಿ ಕಳೆದ ಮೇಲೆ ನಮ್ಮೂರ ಜಾತ್ರೆಗೆ ‘ಕುರುಕ್ಷೇತ್ರ’, ಅದರಲ್ಲಿ ಕರ್ಣ. ಇವೆರಡರ ನಡುವೆ ಪ್ರೌಢಶಾಲೆಯ ಮಕ್ಕಳಿಂದ ಕುವೆಂಪು ಅವರ ‘ಜಲಗಾರ’ವನ್ನು ಆಡಿಸುವ ಹೊಣೆಯನ್ನು ಒಪ್ಪಿಕೊಂಡಿದ್ದೇನೆ. ಹಗಲು ಕಚೇರಿ, ಸಂಜೆ ತಾಲೀಮು, ಭಾನುವಾರ ಊರು ಎಂದು ದಿನಗಳು ಹಂಚಿಹೋಗಿವೆ. ದಣಿವು ಇದೆ, ನಿಜ. ಆದರೂ ಇಷ್ಟು ತೃಪ್ತಿಯಿಂದ ಮಲಗುತ್ತಿದ್ದ ದಿನಗಳು ಇತ್ತೀಚೆಗೆ ನನಗೆ ಇರಲಿಲ್ಲ.

ಮೊದಲು ‘ಗುಣಮುಖ’ದ ವಿಚಾರ. 1739ರಲ್ಲಿ ದೆಹಲಿಯನ್ನು ಸೂರೆಮಾಡಿ, ಅಲ್ಲಿನ ಬೀದಿಗಳಲ್ಲಿ ರಕ್ತ ಹರಿಸಿ, ಮಯೂರ ಸಿಂಹಾಸನವನ್ನೇ ಹೊತ್ತೊಯ್ದ ಪರ್ಷಿಯಾದ ದೊರೆ ನಾದಿರ್ ಶಾ ಕಾಯಿಲೆ ಬಿದ್ದಿದ್ದಾನೆ. ಸುತ್ತ ಇರುವವರೆಲ್ಲ ಅವನಿಗೆ ಹೆದರಿ ಅವನ ಕಿವಿಗೆ ಹಿತವಾದದ್ದನ್ನೇ ನುಡಿಯುತ್ತಿರುವಾಗ, ಚಿಕಿತ್ಸೆಗೆಂದು ಬಂದ ಹಕೀಮನೊಬ್ಬ ಅವನ ಜೊತೆ ರೋಗಿಯೊಡನೆ ಮಾತನಾಡುವಂತೆ ಮಾತನಾಡುತ್ತಾನೆ. ಅಲಾವಿಖಾನ ಚರಿತ್ರೆಯಲ್ಲಿಯೂ ಇದ್ದವನು; ಮೊಗಲ್ ಬಾದಶಹ ಮುಹಮ್ಮದ್ ಶಾನ ಆಸ್ಥಾನದ ವೈದ್ಯನಾಗಿದ್ದ ಅವನನ್ನು ನಾದಿರ್ ಶಾ ತನ್ನೊಡನೆ ಕರೆದುಕೊಂಡು ಹೋದನು. ಕತ್ತಿ ಕೈಯಲ್ಲಿರುವವನ ನಾಡಿ ಹಿಡಿದು ಕುಳಿತು ‘ನಿನ್ನ ರೋಗ ನಿನ್ನಲ್ಲಿಯೇ ಇದೆ’ ಎಂದು ತಿಳಿಸಿಕೊಡಬೇಕಾದ ಮನುಷ್ಯನನ್ನು ರಂಗದ ಮೇಲೆ ನಿಲ್ಲಿಸುವುದು ಹೇಗೆ ಎಂಬುದೇ ಈ ಎರಡು ತಿಂಗಳಿಂದ ನನ್ನ ತಲೆಯನ್ನು ತುಂಬಿರುವ ಪ್ರಶ್ನೆ.

ನಮ್ಮ ನಿರ್ದೇಶಕಿ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತು ಬಂದ ಹೆಣ್ಣುಮಗಳು. ವಯಸ್ಸಿನಲ್ಲಿ ನಮಗಿಂತ ಬಹಳ ಚಿಕ್ಕವಳು, ಆದರೆ ಅವಳ ಕಿವಿ ಮಾತ್ರ ತುಂಬಾ ಸೂಕ್ಷ್ಮ. ನಾನು ಮಾತಿನ ಕೊನೆಯ ಅಕ್ಷರವನ್ನು ಎಳೆಯುತ್ತೇನೆ, ಮುಖ್ಯವಾದ ಮಾತು ಬಂದಾಗ ಎದುರಿನ ಪಾತ್ರವನ್ನು ಬಿಟ್ಟು ಸಭೆಯ ಕಡೆಗೆ ತಿರುಗುತ್ತೇನೆ, ಕಾಲನ್ನು ಅಗಲಿಸಿ ನೆಲಕ್ಕೆ ಊರುತ್ತೇನೆ ಎಂಬುದನ್ನು ಅವಳು ಮೊದಲ ವಾರದಲ್ಲಿಯೇ ಗುರುತಿಸಿದಳು. ಇವೆಲ್ಲ ನನಗೆ ಪೌರಾಣಿಕ ನಾಟಕದಿಂದ ಬಂದವು ಎಂಬುದು ನಿನಗೆ ಗೊತ್ತು. ಇವನ್ನು ತೊಡೆದುಹಾಕು ಎಂದು ಹೇಳುತ್ತಾಳೆಂದು ಕಾದಿದ್ದೆ. ಹಿಂದೆ ಪಟ್ಟಣದ ಬೇರೆ ತಂಡದಲ್ಲಿ ಹಾಗೆ ಹೇಳಿಸಿಕೊಂಡದ್ದೂ ಉಂಟು. ಅವಳು ಹಾಗೆ ಮಾಡಲಿಲ್ಲ. ಆ ಎಲ್ಲ ಗತ್ತನ್ನೂ ನಾದಿರ್ ಶಾನ ಪಾತ್ರ ಮಾಡುವ ಹುಡುಗನಿಗೆ ಕಲಿಸಿಕೊಡಲು ನನಗೇ ಹೇಳಿದಳು. ಅಧಿಕಾರ ಎಂಬುದು ಸದಾ ಸಭೆಯನ್ನು ನೋಡಿಯೇ ಮಾತನಾಡುತ್ತದೆ, ಆದ್ದರಿಂದ ನಾದಿರ್ ಶಾ ನಮ್ಮೂರ ದುರ್ಯೋಧನನಂತೆ ನಿಲ್ಲಲಿ, ಹಕೀಮ ಮಾತ್ರ ಒಮ್ಮೆಯೂ ಸಭೆಯತ್ತ ನೋಡದೆ ರೋಗಿಯನ್ನೇ ನೋಡುತ್ತಿರಲಿ ಎಂಬುದು ಅವಳ ಕಲ್ಪನೆ. ಇದು ನಾಟಕದ ಒಳಗನ್ನು ಬಲ್ಲವರಿಗೆ ಮಾತ್ರ ಹೊಳೆಯುವ ವಿಚಾರವೆಂದು ನಾನು ಒಪ್ಪಿಬಿಟ್ಟೆ.

ನಾಡಿ ಹಿಡಿಯುವುದನ್ನು ಕಲಿಯಲು ನಗರದ ಯುನಾನಿ ವೈದ್ಯರೊಬ್ಬರ ಬಳಿಗೆ ಹೋಗಿದ್ದೆ. ಯುನಾನಿಯಲ್ಲಿ ಮಣಿಕಟ್ಟಿನ ಮೇಲೆ ನಾಲ್ಕು ಬೆರಳುಗಳನ್ನು ಇಡುತ್ತಾರೆ. ಆ ಹಿರಿಯರು ತಮ್ಮ ಬೆರಳುಗಳನ್ನು ಇಟ್ಟ ಕ್ಷಣದಿಂದ ರೋಗಿಯ ಮುಖವನ್ನು ನೋಡುವುದನ್ನು ನಿಲ್ಲಿಸಿ, ಕಣ್ಣನ್ನು ಎಲ್ಲಿಯೂ ನೆಡದೆ ಕೇಳುತ್ತಾ ಕೂರುತ್ತಾರೆ. ಆಗ ಕೋಣೆಯಲ್ಲಿದ್ದವರೆಲ್ಲ ತಾವಾಗಿಯೇ ಮಾತು ನಿಲ್ಲಿಸುತ್ತಾರೆ. ಆ ಮೌನವನ್ನು ಹಾಗೆಯೇ ಎತ್ತಿಕೊಂಡು ಬಂದು ಮೂರನೆಯ ದೃಶ್ಯದ ತಾಲೀಮಿನಲ್ಲಿ ಇಟ್ಟೆವು. ಈಗ ಆ ಜಾಗದಲ್ಲಿ ನಾದಿರ್ ಶಾನ ಹುಡುಗ ಕೂಡ ಉಸಿರು ಬಿಗಿಹಿಡಿದು ಕೂರುತ್ತಾನೆ. ಹಕೀಮನು ಭಯವಿಲ್ಲದವನು ಎಂದು ಅವನನ್ನು ಸಂತನನ್ನಾಗಿ ಮಾಡಿಬಿಡುವುದು ಸುಲಭ, ಆದರೆ ನನಗೆ ಅದು ಸರಿ ಎನಿಸುವುದಿಲ್ಲ. ಅವನಿಗೆ ಪ್ರಾಣಭಯ ಇದೆ. ಆ ಭಯ ಇದ್ದೂ ವೈದ್ಯನ ಕೆಲಸವನ್ನು ವೈದ್ಯನಂತೆಯೇ ಮಾಡುತ್ತಾನೆ. ಆ ಭಯವನ್ನು ಮಾತಿನಲ್ಲಿ ತೋರಿಸದೆ ಕೈಯಲ್ಲಿ ತೋರಿಸಲು ಪ್ರಯತ್ನಿಸುತ್ತಿದ್ದೇನೆ.

‘ಜಲಗಾರ’ದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1928ರ ಆ ಪುಟ್ಟ ನಾಟಕ ಮಕ್ಕಳ ನಾಲಿಗೆಗೆ ಮೊದಲು ಕಷ್ಟವಾಯಿತು. ಸರಳ ರಗಳೆಯ ಓಟ ಸಿಕ್ಕಿದ ಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟವಾಗಿದೆ. ಬೀದಿ ಗುಡಿಸುವವನ ಬಳಿಗೆ ಶಿವನೇ ಜಲಗಾರನ ವೇಷದಲ್ಲಿ ಬಂದು ನಿಲ್ಲುವ ಭಾಗವನ್ನು ಆಡುವಾಗ, ಜಲಗಾರನ ಪಾತ್ರ ಮಾಡುವ ಎಂಟನೆಯ ತರಗತಿಯ ಹುಡುಗಿ ಪೊರಕೆಯನ್ನು ಕೆಳಗಿಡದೆಯೇ ಶಿವನೊಡನೆ ಮಾತನಾಡುತ್ತಾಳೆ. ಅದನ್ನು ನಾನು ಹೇಳಿಕೊಟ್ಟದ್ದಲ್ಲ. ಹಾಗೆಯೇ ಇರಲಿ ಎಂದು ಬಿಟ್ಟಿದ್ದೇನೆ.

ಇನ್ನು ನಿನಗೆ ಹೆಚ್ಚು ಸಂಬಂಧಪಟ್ಟ ವಿಷಯಕ್ಕೆ ಬರುತ್ತೇನೆ. ಗುಬ್ಬಿ ತಾಲೂಕಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವೆಂದರೆ ಏನೆಂದು ನಿನಗೆ ವಿವರಿಸಬೇಕಾಗಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘದವರು ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದು ಆಡಿದ ಕುರುಕ್ಷೇತ್ರದ ಮಾತು ನಮ್ಮ ಹಿರಿಯರ ಬಾಯಲ್ಲಿ ಈಗಲೂ ಇದೆ. ಕಂಪನಿಗಳು ಹೋದವು; ಅವುಗಳ ಪದ್ಯ, ಅವುಗಳ ಪರದೆ, ಅವುಗಳ ಗತ್ತು ಮಾತ್ರ ರಾಗಿ ಬೆಳೆಯುವವರ, ತೆಂಗು ಕೀಳುವವರ, ಅಂಗಡಿ ಇಟ್ಟವರ ಕೈಯಲ್ಲಿ ಉಳಿದವು. ಸಂಜೆಯಾದರೆ ದೇವಸ್ಥಾನದ ಪಡಸಾಲೆಯಲ್ಲಿ ಹಾರ್ಮೋನಿಯಂ ಮೇಷ್ಟ್ರ ಎದುರು ಕುಳಿತು ಒಂದೊಂದು ಕಂದಪದ್ಯವನ್ನು ವಾರಗಟ್ಟಲೆ ಉರುಹೊಡೆಯುವ ಈ ಜನರಿಗೆ ಯಾರೂ ಸಂಬಳ ಕೊಡುವುದಿಲ್ಲ, ಬದಲಿಗೆ ಅವರೇ ದುಡ್ಡು ಹಾಕಿ ನಾಟಕ ಆಡುತ್ತಾರೆ. ನಾಟಕ ಸತ್ತುಹೋಯಿತು ಎಂದು ಪಟ್ಟಣದ ಸಭೆಗಳಲ್ಲಿ ಮಾತನಾಡುವವರು ಫಾಲ್ಗುಣ ಚೈತ್ರದ ಒಂದು ರಾತ್ರಿ ಈ ಕಡೆ ಬಸ್ಸಿನಲ್ಲಿ ಬಂದರೆ ಸಾಕು, ದಾರಿಯುದ್ದಕ್ಕೂ ಸೀನರಿಯ, ಅಂದರೆ ಬಾಡಿಗೆಗೆ ತಂದು ಕಟ್ಟಿದ ರಂಗಸಜ್ಜಿಕೆಯ, ದೀಪಗಳು ಕಾಣುತ್ತವೆ.

ಆದರೆ ಪಾಲು ಹಾಕುವ ಈ ಪದ್ಧತಿಯ ಬಗ್ಗೆ ನನಗೆ ಬಹಳ ದಿನಗಳಿಂದ ಒಂದು ನೋವಿದೆ. ಸೀನರಿಯ ಬಾಡಿಗೆ, ವೇಷಭೂಷಣ, ಧ್ವನಿವರ್ಧಕ, ಮೇಷ್ಟ್ರ ಸಂಭಾವನೆ, ಹೊರಗಿನಿಂದ ಬರುವ ನಟಿಯರ ಸಂಭಾವನೆ ಇವೆಲ್ಲ ಪಾತ್ರಗಳ ಮೇಲೆ ಬೀಳುವುದರಿಂದ, ಪಾತ್ರ ದೊಡ್ಡದಾದಷ್ಟೂ ಪಾಲು ದೊಡ್ಡದು. ದುರ್ಯೋಧನನೂ ಕೃಷ್ಣನೂ ಉಳ್ಳವರ ಪಾಲಾಗುತ್ತಾರೆ. ನಮ್ಮೂರಿನಲ್ಲಿ ಗಾರೆ ಕೆಲಸ ಮಾಡುವ ಒಬ್ಬರು ಇದ್ದಾರೆ, ನಿನಗೆ ನೆನಪಿರಬಹುದು. ದುರ್ಯೋಧನನ ಪದ್ಯಗಳೆಲ್ಲ ಅವರಿಗೆ ಬಾಯಿಪಾಠ, ಅವರ ಕಂಠದ ಭಾರ ಈ ಸುತ್ತಿನ ಊರುಗಳಲ್ಲಿ ಇನ್ನೊಬ್ಬರಿಗಿಲ್ಲ. ಆದರೂ ಪ್ರತಿ ಸಲವೂ ಅವರು ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ಬೇರೆಯವರಿಗೆ ಮಾತು ಎತ್ತಿಕೊಡುತ್ತಾ ಬೆಳಗು ಮಾಡುತ್ತಿದ್ದರು. ಈ ಸಲ ದುರ್ಯೋಧನನ ಪಾತ್ರವನ್ನು ಮೂವರಿಗೆ ಹಂಚಿದಾಗ, ವೈಶಂಪಾಯನ ಸರೋವರದಿಂದ ಗದಾಯುದ್ಧದವರೆಗಿನ ಕೊನೆಯ ಭಾಗವನ್ನು ಅವರಿಗೇ ಕೊಡಬೇಕೆಂದು ನಾನು ಪಟ್ಟು ಹಿಡಿದೆ. ಅದರ ಪಾಲನ್ನು ಉಳಿದ ಪಾತ್ರಧಾರಿಗಳು ಹಂಚಿಕೊಳ್ಳಲು ಒಪ್ಪಿದ್ದಾರೆ. ಎಲ್ಲರೂ ಒಂದೇ ಮಾತಿಗೆ ಒಪ್ಪಲಿಲ್ಲ; ಮೇಷ್ಟ್ರು ಹಾರ್ಮೋನಿಯಂ ಮುಚ್ಚಿಟ್ಟು, ಅವರಿಗೆ ಪಾತ್ರ ಕೊಡದಿದ್ದರೆ ತಾವು ನುಡಿಸುವುದಿಲ್ಲ ಎಂದ ಮೇಲೆ ಒಪ್ಪಿದರು. ಭಗ್ನ ದೊರೆಯೊಬ್ಬ ನೀರಿನೊಳಗಿಂದ ಎದ್ದುಬರುವ ಆ ದೃಶ್ಯವನ್ನು ಅವರು ಹೋದ ಭಾನುವಾರ ಮೊದಲ ಸಲ ಪೂರ್ತಿಯಾಗಿ ಆಡಿದಾಗ ಪಡಸಾಲೆಯ ಹೊರಗೆ ಜನ ಸೇರಿಬಿಟ್ಟಿದ್ದರು.

ನಟಿಯರ ವಿಚಾರದಲ್ಲಿಯೂ ಒಂದು ಬದಲಾವಣೆ ತರಲು ಪ್ರಯತ್ನಿಸುತ್ತಿದ್ದೇನೆ. ಕುಂತಿ, ದ್ರೌಪದಿ, ಉತ್ತರೆಯರ ಪಾತ್ರಕ್ಕೆ ಬರುವ ಕಲಾವಿದೆಯರು ಹಿಂದಿನ ರಾತ್ರಿ ಮತ್ತೊಂದು ಊರಿನಲ್ಲಿ ಆಡಿ, ಬಸ್ಸಿನಲ್ಲಿ ನಿದ್ದೆ ಮುಗಿಸಿ, ಸಂಜೆ ನಮ್ಮಲ್ಲಿಗೆ ಬಂದು ಬಣ್ಣ ಹಚ್ಚಿಕೊಳ್ಳುತ್ತಾರೆ. ಎದುರಿನ ಪಾತ್ರಧಾರಿ ಮಾತು ಮರೆತರೆ ಅವನ ಮಾತನ್ನೂ ತಮ್ಮ ಮಾತಿನೊಳಗೆ ಸೇರಿಸಿ ದೃಶ್ಯವನ್ನು ದಡ ಸೇರಿಸುವವರು ಅವರೇ. ಇಷ್ಟಾದರೂ ಕರಪತ್ರದಲ್ಲಿ ಎಲ್ಲ ಗಂಡಸರ ಭಾವಚಿತ್ರಗಳು ತುಂಬಿದ ಮೇಲೆ ಕೆಳಗಿನ ಅಂಚಿನಲ್ಲಿ ಅವರ ಹೆಸರುಗಳು ಸಣ್ಣ ಅಕ್ಷರದಲ್ಲಿ ಬರುತ್ತವೆ. ಈ ಸಲ ಅವರ ಹೆಸರೂ ಚಿತ್ರವೂ ಪಾತ್ರದ ಕ್ರಮದಲ್ಲಿಯೇ ಬರುತ್ತವೆ. ಕುಂತಿಯ ಪಾತ್ರಕ್ಕೆ ಬರುವ ಹಿರಿಯ ಕಲಾವಿದೆಯೊಡನೆ ಫೋನಿನಲ್ಲಿ ಮಾತನಾಡಿ ನಮ್ಮ ದೃಶ್ಯದ ಪದ್ಯಗಳನ್ನು ಗೊತ್ತುಮಾಡಿಕೊಂಡೆ. ಕರ್ಣನ ದುಃಖದ ಪದ್ಯದಲ್ಲಿ ನಾನು ಆಲಾಪನೆ ಬೆಳೆಸುತ್ತಿದ್ದದ್ದನ್ನು ಕೇಳಿ ಅವರು, ಅಲ್ಲಿ ಸ್ವರ ಹೆಚ್ಚಾದರೆ ಮಗ ಕಾಣುವುದಿಲ್ಲ, ಗವಾಯಿ ಕಾಣುತ್ತಾನೆ, ಆದ್ದರಿಂದ ಎರಡು ಸಾಲು ಹಾಡಿ ಉಳಿದದ್ದನ್ನು ಮಾತಿನಲ್ಲಿಯೇ ಬಿಡಿ ಎಂದರು. ಸಂಜೆ ಹಕೀಮನ ತಾಲೀಮಿನಲ್ಲಿ ನಿರ್ದೇಶಕಿ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಎರಡು ರಂಗಭೂಮಿಗಳು ಬೇರೆ ಬೇರೆ ಎಂದು ನಮಗೆ ಹೇಳಿಕೊಟ್ಟವರು ಇವರಿಬ್ಬರ ಮಾತನ್ನು ಒಟ್ಟಿಗೆ ಕೇಳಬೇಕಿತ್ತು.

ಕರ್ಣನನ್ನು ಪಂಪನಿಂದ ಹಿಡಿದು ನಮ್ಮೂರ ಮುದುಕಿಯರವರೆಗೆ ಎಲ್ಲರೂ ಪ್ರೀತಿಸಿದವರೇ. ಆ ಪ್ರೀತಿಯೇ ಪಾತ್ರಧಾರಿಗೆ ಅಪಾಯ. ಅವನು ರಂಗಕ್ಕೆ ಬಂದ ಕೂಡಲೇ ಸಭೆ ಅವನ ಕಡೆಗೆ ವಾಲುತ್ತದೆ, ನಟನಿಗೆ ಮಾಡಲು ಏನೂ ಉಳಿಯುವುದಿಲ್ಲ. ಹಕೀಮನೊಡನೆ ಎರಡು ತಿಂಗಳು ಕಳೆದ ಮೇಲೆ ನನಗೆ ಕರ್ಣ ಬೇರೆಯಾಗಿ ಕಾಣತೊಡಗಿದ್ದಾನೆ. ದೊರೆಯ ಕಾಯಿಲೆ ಏನೆಂದು ಇವನಿಗೂ ಗೊತ್ತು, ಆದರೆ ಇವನು ದೊರೆಯ ಅನ್ನ ಉಂಡವನು, ದೊರೆಯಿಂದಲೇ ಮಾನ ಪಡೆದವನು. ನಾಡಿ ಹಿಡಿದು ನಿಜ ಹೇಳುವ ಸ್ವಾತಂತ್ರ್ಯವನ್ನು ಋಣಕ್ಕೆ ಕೊಟ್ಟುಬಿಟ್ಟಿದ್ದಾನೆ. ಕೃಷ್ಣನು ಬಂದು ಜನ್ಮದ ಗುಟ್ಟನ್ನು ಹೇಳಿದಾಗ ಅವನು ಅಳುವುದು ತಾನು ಕೌಂತೇಯನೆಂದು ತಿಳಿದದ್ದಕ್ಕಿಂತ ಹೆಚ್ಚಾಗಿ, ತಿಳಿದೂ ಹೊರಟುಬರಲಾರದ್ದಕ್ಕೆ ಎಂದು ನನಗೆ ಅನ್ನಿಸುತ್ತದೆ. ಆ ದೃಶ್ಯದಲ್ಲಿ ಕೃಷ್ಣ ನಗುತ್ತಾ ಮಾತನಾಡಬೇಕು, ಆದರೆ ಆ ನಗುವಿನ ಕೆಳಗೆ ಅವನಿಗೂ ಒಂದು ಸಂಕಟ ಇರಬೇಕು; ಮುರಳಿಯನ್ನು ಹಿಡಿದು ನಿಂತು ಪದ್ಯ ಹೇಳಿ ಹೋಗುವವರಿಂದ ಅದು ಆಗುವುದಿಲ್ಲ.

ಆದ್ದರಿಂದಲೇ ಈ ಪತ್ರ. ಸಂಧಾನದ ಮೊದಲನೆಯ ಕೃಷ್ಣನ ಪಾತ್ರವನ್ನು ಹಾಲಿನ ಡೇರಿಯ ಕಾರ್ಯದರ್ಶಿ ತೆಗೆದುಕೊಂಡಿದ್ದಾರೆ. ಕರ್ಣನ ಬಳಿಗೆ ಬರುವ ಎರಡನೆಯ ಕೃಷ್ಣನ ಪಾತ್ರ ಇನ್ನೂ ಯಾರಿಗೂ ಹೋಗಿಲ್ಲ; ನಿನ್ನ ಹೆಸರು ಹೇಳಿ ನಾನೇ ತಡೆದು ಇರಿಸಿದ್ದೇನೆ. ಮುಂಬಯಿಗೆ ಹೋದ ಮೇಲೆ ನೀನು ಮಾಟುಂಗದಲ್ಲಿ ಕನ್ನಡ ನಾಟಕಗಳನ್ನು ನೋಡುತ್ತೀಯೇ ಹೊರತು ಬಣ್ಣ ಹಚ್ಚಿಲ್ಲವೆಂದು ಬರೆದಿದ್ದೆ. ಕಂಠ ಕೆಟ್ಟಿದೆ ಎಂದು ನೀನು ನೆಪ ಹೇಳುತ್ತೀಯೆಂದು ಗೊತ್ತಿದ್ದೇ ಮೇಷ್ಟ್ರನ್ನು ಕೇಳಿದ್ದೇನೆ. ಶ್ರುತಿಯನ್ನು ನಿನಗೆ ಬೇಕಾದಷ್ಟು ಇಳಿಸಿಕೊಡುತ್ತಾರಂತೆ. ಈಗ ಕೀಬೋರ್ಡ್ ಮತ್ತು ರಿದಂ ಪ್ಯಾಡ್ ಬಂದಿದ್ದರೂ ನಮ್ಮ ಮೇಷ್ಟ್ರು ತಮ್ಮ ಹಳೆಯ ಕಾಲು ಹಾರ್ಮೋನಿಯಂ ಬಿಟ್ಟಿಲ್ಲ, ಅದರ ಜೊತೆಗೆ ಹಾಡುವುದು ನಿನಗೆ ಹೊಸತೇನಲ್ಲ. ನಮ್ಮ ದೃಶ್ಯದ ನಾಲ್ಕು ಪದ್ಯಗಳನ್ನು ಅವರಿಂದಲೇ ಹಾಡಿಸಿ ಧ್ವನಿಮುದ್ರಿಸಿ ಕಳಿಸುತ್ತೇನೆ. ದಿನವೂ ಲೋಕಲ್ ರೈಲಿನಲ್ಲಿ ಹೋಗುವಾಗ ಕೇಳಿಕೊಂಡರೆ ಸಾಕು. ಮಾತುಗಳನ್ನು ಭಾನುವಾರ ರಾತ್ರಿ ಫೋನಿನಲ್ಲಿ ಇಬ್ಬರೂ ಹೇಳಿಕೊಳ್ಳೋಣ. ಯುಗಾದಿಗೆ ಹೇಗೂ ಊರಿಗೆ ಬರುತ್ತೀಯ. ಒಂದು ವಾರ ಮೊದಲೇ ಬಂದರೆ ಪೂರ್ಣ ತಾಲೀಮಿಗೆ ಸಿಗುತ್ತೀಯ, ಸೀನರಿಯವರು ಬಂದ ದಿನ ಕಿರೀಟ, ಭುಜಕೀರ್ತಿಗಳನ್ನು ಹಾಕಿ ನೋಡಿಕೊಳ್ಳಬಹುದು. ಪಾಲಿನ ಚಿಂತೆ ಬೇಡ, ಅದನ್ನು ಇಲ್ಲಿ ಮಾತನಾಡಿದ್ದೇನೆ.

ಕರಪತ್ರ ಫೆಬ್ರುವರಿಯ ಮೊದಲ ವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಒಂದು ಮಾತು ತಿಳಿಸು. ಆಗುವುದಾದರೆ ಇತ್ತೀಚಿನ ಭಾವಚಿತ್ರವೊಂದನ್ನು ಕಳಿಸು, ಕನ್ನಡಕ ತೆಗೆದು ತೆಗೆಸಿದ್ದು. ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ,
ಗೆಳೆಯ