ಮಾರ್ಷಲ್‌ನ ಫುಟ್‌ಬಾಲ್ ತಂಡಕ್ಕೂ ಅದರ ಕಥೆ ಹೇಳಿದವರಿಗೂ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಹಂಟಿಂಗ್ಟನ್‌ನಲ್ಲಿರುವ ಮಾರ್ಷಲ್ ವಿಶ್ವವಿದ್ಯಾಲಯದಲ್ಲಿ ನನ್ನ ಸ್ನಾತಕೋತ್ತರ ವ್ಯಾಸಂಗ ಮುಗಿದಿದೆ. ಕ್ರಿಕೆಟ್ ಹೊರತು ಬೇರೆ ಆಟ ಅರಿಯದ ನನಗೆ ಅಮೆರಿಕನ್ ಫುಟ್‌ಬಾಲಿನ ನಿಯಮಗಳನ್ನೂ ತಮ್ಮ ತಂಡದ ಚರಿತ್ರೆಯನ್ನೂ ತಾಳ್ಮೆಯಿಂದ ತಿಳಿಸಿಕೊಟ್ಟ ಆ ಊರಿನ ಹಿರಿಯರಿಗೆ ಎದುರಿನಲ್ಲೇ ಧನ್ಯವಾದ ಹೇಳಿದ್ದೇನೆ. ಅವರ ಋಣ ಎಂಥದೆಂದು ನಮ್ಮವರಿಗೂ ತಿಳಿಯಲೆಂದು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

1970ರ ನವೆಂಬರ್ 14ರ ರಾತ್ರಿ, ಈಸ್ಟ್ ಕ್ಯಾರೊಲಿನಾ ತಂಡಕ್ಕೆ 17–14ರಿಂದ ಸೋತು ಹಿಂದಿರುಗುತ್ತಿದ್ದ ತಂಡದ ವಿಮಾನವು ಮಳೆ, ಮಂಜಿನ ನಡುವೆ ರನ್‌ವೇ ತಲುಪುವ ಮೊದಲೇ ಗುಡ್ಡಕ್ಕೆ ಬಡಿದು, ಅದರಲ್ಲಿದ್ದ 75 ಮಂದಿಯೂ ಮೃತಪಟ್ಟರು. ಅವರಲ್ಲಿ 37 ಮಂದಿ ಆಟಗಾರರು. ಉಳಿದವರು ತರಬೇತುದಾರರು, ವಿಮಾನ ಸಿಬ್ಬಂದಿ ಮತ್ತು ತಂಡದ ಬೆನ್ನಿಗೆ ನಿಂತಿದ್ದ ಊರಿನ ಗಣ್ಯರು. ಗುರುತು ಸಿಗದ ಆರು ಆಟಗಾರರ ಸಮಾಧಿ ಸ್ಪ್ರಿಂಗ್ ಹಿಲ್ ಸ್ಮಶಾನದಲ್ಲಿದೆ.

ತಂಡವನ್ನು ಅಲ್ಲಿಗೇ ನಿಲ್ಲಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲವೇನೋ. ಆದರೆ ಜ್ಯಾಕ್ ಲೆಂಗ್ಯೆಲ್ ಮುಖ್ಯ ತರಬೇತುದಾರರಾಗಿ ಬಂದರು. ಆ ದಿನ ವಿಮಾನ ಹತ್ತದೆ ಕಾರಿನಲ್ಲಿ ಹೊರಟಿದ್ದ ಸಹಾಯಕ ತರಬೇತುದಾರ ರೆಡ್ ಡಾಸನ್ ಇನ್ನೊಂದು ವರ್ಷ ಅವರ ಜೊತೆಗಿದ್ದರು. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡಬಾರದೆಂಬ ನಿಯಮವನ್ನು ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಮಾರ್ಷಲ್‌ಗಾಗಿ ಸಡಿಲಿಸಿತು. ಅದೇ ರಾಜ್ಯದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತರಬೇತುದಾರ ಬಾಬಿ ಬೌಡನ್ ತಮ್ಮ ತಂಡದ ಆಟದ ತಂತ್ರಗಳನ್ನೇ ಇವರ ಮುಂದೆ ತೆರೆದಿಟ್ಟರು. ಗೆಲ್ಲುವ ಗುಟ್ಟನ್ನು ನೆರೆಯ ತಂಡಕ್ಕೆ ಬಿಟ್ಟುಕೊಡುವುದು ಯಾವ ಆಟದಲ್ಲೂ ಸುಲಭವಲ್ಲ.

1971ರ ಸೆಪ್ಟೆಂಬರ್ 25ರಂದು, ದುರಂತದ ಬಳಿಕ ತವರಿನಲ್ಲಿ ಆಡಿದ ಮೊದಲ ಪಂದ್ಯದ ಕಟ್ಟಕಡೆಯ ಆಟದಲ್ಲಿ, ರೆಗಿ ಆಲಿವರ್ ಎಸೆದ ಚೆಂಡನ್ನು ಹಿಡಿದು ಟೆರಿ ಗಾರ್ಡ್ನರ್ ಗೆರೆ ದಾಟಿದಾಗ, ಮಾರ್ಷಲ್ ಝೇವಿಯರ್ ತಂಡವನ್ನು 15–13ರಿಂದ ಮಣಿಸಿತು. ಆ ವರ್ಷ ದೊರೆತದ್ದು ಎರಡೇ ಗೆಲುವು, ಎಂಟು ಸೋಲು. ಸೋಲಿಗಿಂತ ಗೆಲುವು ಹೆಚ್ಚಾದ ವರ್ಷ ಬರಲು 1984ರವರೆಗೆ ಕಾಯಬೇಕಾಯಿತು. 1992ರಲ್ಲಿಯೂ, ಒಂದೂ ಪಂದ್ಯ ಸೋಲದ 1996ರಲ್ಲಿಯೂ ತಂಡವು ತನ್ನ ವಿಭಾಗದ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆದರೂ ನನಗೆ ಹೆಚ್ಚು ದೊಡ್ಡದಾಗಿ ಕಾಣುವುದು 1971ರ ಆ ಎರಡು ಗೆಲುವುಗಳೇ.

ಬೆಂಗಳೂರಿಗೆ ಮರಳುವ ಗಡಿಬಿಡಿಯಲ್ಲಿ ಕೆಲವರ ಮನೆಗೆ ಹೋಗಿ ಬರಲು ಆಗಲಿಲ್ಲ. ಅವರಿಗೆಲ್ಲ ಇಲ್ಲಿಂದಲೇ ನನ್ನ ಮನಃಪೂರ್ವಕ ವಂದನೆಗಳು.