ಕೋಲ್ಕತ್ತಾಗೆ ಹೊರಟವರಿಗೆ: ಮೆಟ್ರೊ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹೌರಾದಲ್ಲಿ ರೈಲು ಇಳಿದ ಮೇಲೆ ಟ್ಯಾಕ್ಸಿ ಹುಡುಕೋದು ಬೇಡ, ಮೆಟ್ರೊ ಹತ್ತೋಣ. ಹಸಿರು ಮಾರ್ಗದ ಈ ಭಾಗ ಶುರುವಾಗಿದ್ದು 2024ರಲ್ಲಿ; ಇದು ಹೂಗ್ಲಿ ನದಿಯ ಅಡಿಯಲ್ಲೇ ಸಾಗುತ್ತದೆ. ಸುಮಾರು 520 ಮೀಟರ್, ಮುಕ್ಕಾಲು ನಿಮಿಷದಲ್ಲಿ ದಾಟಿಬಿಡುತ್ತದೆ. ಆಗ ಫೋನ್ ನೋಡುತ್ತಾ ಕೂರಬೇಡಿ!

ಎಸ್‌ಪ್ಲನೇಡ್‌ನಲ್ಲಿ ಇಳಿದು ನೀಲಿ ಮಾರ್ಗ ಹಿಡಿಯಬೇಕು. ನಮ್ಮ ದೇಶದ ಮೊದಲ ಮೆಟ್ರೊ ಅದೇ ಅಲ್ವಾ! 1984ರ ಅಕ್ಟೋಬರ್ 24ರಂದು ಇಲ್ಲಿಂದ ಭವಾನಿಪುರದವರೆಗೆ ಬರೀ 3.4 ಕಿ.ಮೀ. ಓಡಿತ್ತು. ಜಾಸ್ತಿ ಕಡೆ ರಸ್ತೆಯನ್ನೇ ಅಗೆದು, ಸುರಂಗ ಕಟ್ಟಿ, ಮತ್ತೆ ಮುಚ್ಚಿದರು. ಡಂಡಂನಿಂದ ಟಾಲಿಗಂಜ್‌ವರೆಗೆ ಪೂರ್ತಿಯಾಗಿದ್ದು 1995ರಲ್ಲಿ. ಅಷ್ಟು ವರ್ಷ ತಾಳಿಕೊಂಡ ಊರಿನ ಜನರನ್ನು ಮೆಚ್ಚಲೇಬೇಕು. ಕಾಳಿಘಾಟ್, ದಕ್ಷಿಣೇಶ್ವರ ಎರಡಕ್ಕೂ ಇದೇ ಮಾರ್ಗ.